ತಣ್ಣಗಿದ್ದಾಗ ಮಾತ್ರ ಆಫ್ ಆಗುವ ಟರ್ಬೊ ಸ್ನೋಮೊಬೈಲ್

ರಾತ್ರಿಯಿಡೀ ಮೈನಸ್ 24 ಡಿಗ್ರಿಯಲ್ಲಿ ಹೊರಗೇ ನಿಂತಿದ್ದ ಸ್ನೋಮೊಬೈಲ್, ಅಂದರೆ ಹಿಮದ ಮೇಲೆ ಓಡುವ ಗಾಡಿ. ಮೂರು ಸಿಲಿಂಡರಿನ ಫೋರ್ ಸ್ಟ್ರೋಕ್ ಟರ್ಬೊ ಎಂಜಿನ್, ಸಿಲಿಂಡರಿಗೊಂದು ಥ್ರಾಟಲ್ ಬಾಡಿ (ಒಳಹೋಗುವ ಗಾಳಿಯನ್ನು ತೆರೆದು ಮುಚ್ಚುವ ಭಾಗ). ಕೀ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗಿ ಆರ್‌ಪಿಎಂ 1900ಕ್ಕೆ ಏರುತ್ತದೆ. ಐದಾರು ಸೆಕೆಂಡಿನಲ್ಲಿ 900ಕ್ಕೆ ಕುಸಿದು, ಮತ್ತೆ 1600ಕ್ಕೆ ಹಾರಿ, ನಾಲ್ಕಾರು ಸಲ ಹೀಗೆ ಏರಿಳಿದು ಆಫ್ ಆಗಿಬಿಡುತ್ತದೆ. ಆಕ್ಸಿಲೇಟರ್ ಕೊಟ್ಟು ಹೇಗೋ ನಾಲ್ಕು ನಿಮಿಷ ತಳ್ಳಿದರೆ, ಕೂಲಂಟ್ 50 ಡಿಗ್ರಿ ದಾಟುವ ಹೊತ್ತಿಗೆ ಐಡ್ಲಿಂಗ್ (ಆಕ್ಸಿಲೇಟರ್ ಕೊಡದೆ ಎಂಜಿನ್ ತಿರುಗುವುದು) ತಾನಾಗಿ ಸರಿಹೋಗುತ್ತದೆ. ಆಮೇಲೆ ದಿನವಿಡೀ ಓಡಿಸಿದರೂ ತಕರಾರಿಲ್ಲ.

ಈ ಥರದ ದೋಷವನ್ನು ಬೆಚ್ಚಗಿನ ಶೆಡ್ಡಿನೊಳಗೆ ಹುಡುಕಿದರೆ ಸಿಗುವುದಿಲ್ಲ. ಒಮ್ಮೆ ಸ್ಟಾರ್ಟ್ ಮಾಡಿದ ಎಂಜಿನ್ ಮತ್ತೆ ಅಷ್ಟೇ ತಣ್ಣಗಾಗಲು ರಾತ್ರಿಯಿಡೀ ನಿಲ್ಲಬೇಕು. ಹಾಗಾಗಿ ಬೆಳಗ್ಗೆ ಸಿಗುವುದು ಒಂದೇ ಅವಕಾಶ, ಅದೂ ಮೊದಲ ಕೆಲವು ನಿಮಿಷ. ಏನೇನು ಅಳೆಯಬೇಕು, ಯಾವುದು ಮೊದಲು ಎಂಬುದನ್ನು ಹಿಂದಿನ ರಾತ್ರಿಯೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಮೊದಲ ಅಳತೆ ಸ್ಟಾರ್ಟ್ ಮಾಡುವುದಕ್ಕೂ ಮುಂಚಿನದು. ಸ್ಕ್ಯಾನರ್ ಜೋಡಿಸಿ ಕೀ ಆನ್ ಮಾಡಿ, ಸ್ಟಾರ್ಟರ್ ಮುಟ್ಟಬೇಡಿ. ಕೂಲಂಟ್ ಸೆನ್ಸರ್ ಮತ್ತು ಒಳಬರುವ ಗಾಳಿಯ ಸೆನ್ಸರ್ ಎರಡೂ ಹೊರಗಿನ ಥರ್ಮಾಮೀಟರಿಗೆ ಎರಡು ಮೂರು ಡಿಗ್ರಿ ಅಂತರದಲ್ಲಿರಬೇಕು. ಇಲ್ಲಿ ಮೈನಸ್ 23 ಮತ್ತು ಮೈನಸ್ 22 ಬಂತು. ಕೂಲಂಟ್ ಸೆನ್ಸರ್ ಸುಳ್ಳು ಹೇಳಿ ಮೈನಸ್ 5 ಎಂದಿದ್ದರೆ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಅಷ್ಟಕ್ಕೆ ತಕ್ಕ ಪೆಟ್ರೋಲ್ ಮಾತ್ರ ಬಿಡುತ್ತಿತ್ತು. ಈ ಚಳಿಯಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗದೆ ಬಹುಪಾಲು ಗಾಳಿದಾರಿಯ ಗೋಡೆಗೆ ಅಂಟಿಕೊಳ್ಳುವುದರಿಂದ ಅದು ಸಾಲದು. ಸಾಮಾನ್ಯವಾಗಿ ಸಿಗುವ ಸೆನ್ಸರುಗಳು 20 ಡಿಗ್ರಿಯಲ್ಲಿ 2ರಿಂದ 3 ಕಿಲೋ ಓಮ್, ಮೈನಸ್ 20ರಲ್ಲಿ 15 ಕಿಲೋ ಓಮ್ ಆಸುಪಾಸು ತೋರಿಸುತ್ತವೆ. ಅನುಮಾನವಿದ್ದರೆ ಮಲ್ಟಿಮೀಟರ್ ಹಿಡಿದು, ಮ್ಯಾನ್ಯುಯಲ್‌ನ ಪಟ್ಟಿಗೆ ಹೋಲಿಸಿ. ಎಂಜಿನ್ ನಿಂತಿರುವಾಗ ಮ್ಯಾಪ್ ಸೆನ್ಸರ್ (ಸಿಲಿಂಡರಿಗೆ ಗಾಳಿ ಹೋಗುವ ದಾರಿಯಾದ ಮ್ಯಾನಿಫೋಲ್ಡಿನ ಒತ್ತಡ ಅಳೆಯುವುದು) ಹೊರಗಿನ ವಾಯುಭಾರವನ್ನೇ ತೋರಿಸಬೇಕು: ಸಮುದ್ರ ಮಟ್ಟದಲ್ಲಿ ಸುಮಾರು 100 ಕಿಲೋ ಪ್ಯಾಸ್ಕಲ್, 1000 ಮೀಟರ್ ಎತ್ತರದಲ್ಲಿ 90ರ ಹತ್ತಿರ. ಅದೂ ಸರಿಯಿತ್ತು.

ಬ್ಯಾಟರಿ 12.6 ವೋಲ್ಟ್, ಕ್ರ್ಯಾಂಕ್ ಮಾಡುವಾಗ (ಸ್ಟಾರ್ಟರ್ ಎಂಜಿನ್ ತಿರುಗಿಸುವಾಗ) 10.1. ಮೈನಸ್ 18ರ ಹೊತ್ತಿಗೇ ಲೆಡ್ ಆಸಿಡ್ ಬ್ಯಾಟರಿಯ ಕ್ರ್ಯಾಂಕಿಂಗ್ ಶಕ್ತಿ ಅರ್ಧಕ್ಕೆ ಇಳಿದಿರುತ್ತದೆ. ಕ್ರ್ಯಾಂಕ್ ಮಾಡುವಾಗ 9.6ಕ್ಕಿಂತ ಕೆಳಗಿಳಿದರೆ ಉಳಿದ ಯಾವ ಪರೀಕ್ಷೆಗೂ ಅರ್ಥವಿಲ್ಲ. ಮೊದಲು ಬ್ಯಾಟರಿ ಸರಿಮಾಡಿ.

ಈಗ ಸ್ಟಾರ್ಟ್. ಆಕ್ಸಿಲೇಟರಿಗೆ ಬೆರಳು ತಾಗಿಸಕೂಡದು. ಫ್ಯುಯೆಲ್ ಇಂಜೆಕ್ಷನ್ ಎಂಜಿನ್ನಿಗೆ ಸ್ಟಾರ್ಟ್ ಆಗುವಾಗ ಆಕ್ಸಿಲೇಟರ್ ಕೊಡುವುದು ಉಪಕಾರವಲ್ಲ. ಪೂರ್ತಿ ಒತ್ತಿದರೆ ಎಷ್ಟೋ ಇಸಿಯುಗಳು ‘ಪೆಟ್ರೋಲ್ ಹೆಚ್ಚಾಗಿದೆ, ಒಣಗಿಸು’ ಎಂದು ತಿಳಿದು ಇಂಜೆಕ್ಟರನ್ನೇ ಬಂದ್ ಮಾಡುತ್ತವೆ. ಗಾಡಿ ಬಯಲಿನಲ್ಲೇ ಇರಲಿ, ಹೊಗೆ ಮುಚ್ಚಿದ ಜಾಗದಲ್ಲಿ ಜೀವ ತೆಗೆಯುತ್ತದೆ. ಹಿಂಭಾಗವನ್ನು ಸ್ಟ್ಯಾಂಡಿನ ಮೇಲೆ ಎತ್ತಿಡಿ. ಟ್ರ್ಯಾಕ್ (ಚಕ್ರದ ಬದಲು ಇರುವ ರಬ್ಬರ್ ಪಟ್ಟಿ) ನೆಲಕ್ಕೆ ಹೆಪ್ಪುಗಟ್ಟಿದ್ದರೆ ಅಥವಾ ಡ್ರೈವ್ ಬೆಲ್ಟ್ ಬಿಗಿಯಾಗಿ ಐಡ್ಲಿಂಗ್‌ನಲ್ಲೇ ಎಳೆಯುತ್ತಿದ್ದರೆ, ಆ ಹೊರೆಗೂ ಎಂಜಿನ್ ಕುಸಿಯುತ್ತದೆ. ಎತ್ತಿಟ್ಟಾಗ ಟ್ರ್ಯಾಕ್ ಸುಮ್ಮನೆ ನಿಂತಿದ್ದರೆ ಬೆಲ್ಟಿನ ಮೇಲಿನ ಅನುಮಾನ ಬಿಡಬಹುದು.

ಮುಖ್ಯ ಸುಳಿವು ಸಿಕ್ಕಿದ್ದು ಇಲ್ಲೇ. ಸರಿಯಾದ ಐಡ್ಲಿಂಗ್‌ನಲ್ಲಿ ಮ್ಯಾನಿಫೋಲ್ಡ್ ಒತ್ತಡ 40ರಿಂದ 45 ಕಿಲೋ ಪ್ಯಾಸ್ಕಲ್ ಇರಬೇಕಾದ ಈ ಎಂಜಿನ್ನಿನಲ್ಲಿ ಅದು 62ರ ಸುತ್ತ ಕುಣಿಯುತ್ತಿತ್ತು. ಐಡ್ಲಿಂಗ್ ವೇಳೆ ಗಾಳಿ ಬಿಡುವ ಐಡಲ್ ಏರ್ ವಾಲ್ವ್ ಬಹುತೇಕ ಪೂರ್ತಿ ಮುಚ್ಚಿಕೊಂಡಿತ್ತು. ಅಂದರೆ ಇಸಿಯು ಗಾಳಿ ಕಡಿಮೆ ಮಾಡಲು ಒದ್ದಾಡುತ್ತಿದೆ, ಗಾಳಿ ಬೇರೆಲ್ಲಿಂದಲೋ ಒಳಗೆ ಬರುತ್ತಿದೆ. ಆರ್‌ಪಿಎಂ ಏರಿದಾಗ, ಥ್ರಾಟಲ್ ಮುಚ್ಚಿದೆಯಲ್ಲ ಎಂದು ಇಸಿಯು ಪೆಟ್ರೋಲ್ ನಿಲ್ಲಿಸುತ್ತದೆ. ಕುಸಿದಾಗ ಮತ್ತೆ ಬಿಡುತ್ತದೆ. ಏರಿಳಿತದ ಕಾರಣ ಇದೇ.

ಆಫ್ ಆದ ಕೂಡಲೇ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದೆವು. ಒಂದು ಮತ್ತು ಎರಡನೇ ಸಿಲಿಂಡರಿನ ಪ್ಲಗ್ ಕಪ್ಪು ಮಸಿ ಹಿಡಿದು ಒದ್ದೆಯಾಗಿದ್ದವು. ಮೂರನೆಯದು ಒಣಗಿ ಬಿಳಿಚಿಕೊಂಡಿತ್ತು. ಮೂರಕ್ಕೂ ಸೇರಿ ಒಂದೇ ಮ್ಯಾಪ್ ಸೆನ್ಸರ್. ಸೋರಿಕೆಯಿಂದ ಅದರ ಲೆಕ್ಕ ಏರಿದಾಗ ಇಸಿಯು ಮೂರಕ್ಕೂ ಸಮನಾಗಿ ಪೆಟ್ರೋಲ್ ಹೆಚ್ಚಿಸುತ್ತದೆ. ಸೋರಿಕೆಯ ಗಾಳಿ ಮಾತ್ರ ಬಹುಪಾಲು ಒಂದೇ ಸಿಲಿಂಡರಿಗೆ ಹೋಗುತ್ತದೆ. ಹೀಗೆ ಎರಡು ಸಿಲಿಂಡರ್ ಪೆಟ್ರೋಲಿನಲ್ಲಿ ಮುಳುಗಿ, ಒಂದು ಬರೀ ಗಾಳಿ ಕುಡಿದು ಮಿಸ್ ಹೊಡೆಯುತ್ತಿತ್ತು. ಕಪ್ಪು ಪ್ಲಗ್ ಕಂಡ ಮಾತ್ರಕ್ಕೆ ಇಂಜೆಕ್ಟರ್ ಬದಲಿಸುವವರು ಈ ಮೂರನೇ ಪ್ಲಗ್ಗನ್ನು ಇನ್ನೊಮ್ಮೆ ನೋಡಬೇಕು.

ಮೂರನೇ ಸಿಲಿಂಡರಿನ ಥ್ರಾಟಲ್ ಬಾಡಿಯಿಂದ ಒಂದು ಸಣ್ಣ ಹೋಸ್ ಹೊರಟು ಟರ್ಬೊ ಕಡೆಯ ರೀಸರ್ಕ್ಯುಲೇಷನ್ ವಾಲ್ವಿಗೆ ಹೋಗುತ್ತದೆ. ಆಕ್ಸಿಲೇಟರ್ ಬಿಟ್ಟಾಗ ಮ್ಯಾನಿಫೋಲ್ಡಿನ ವ್ಯಾಕ್ಯೂಮ್ ಈ ವಾಲ್ವಿನ ಡಯಾಫ್ರಾಮನ್ನು (ತೆಳು ರಬ್ಬರ್ ಪರದೆ) ಎಳೆದು, ಟರ್ಬೊ ಒತ್ತಿದ ಬೂಸ್ಟ್ ಗಾಳಿಯನ್ನು ಕಂಪ್ರೆಸರಿನ ಬಾಯಿಗೆ ಹಿಂದಿರುಗಿಸುತ್ತದೆ. ಆ ರಬ್ಬರ್ ಹರಿದರೆ ಹೋಸ್ ಮೂಲಕ ಥ್ರಾಟಲ್ ದಾಟದ ಗಾಳಿ ನೇರ ಒಳಗೆ.

ಸೋರಿಕೆ ಹುಡುಕಲು ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಮಾಡುವ ಅಭ್ಯಾಸ ಇಲ್ಲಿ ಬೇಡ. ಅದು ಬೆಂಕಿ ಹಿಡಿಯುವ ವಸ್ತು, ಟರ್ಬೊ ಹೌಸಿಂಗ್ ಪಕ್ಕದಲ್ಲೇ ಬೇಗ ಕಾಯುತ್ತದೆ. ಹೋಸನ್ನು ಇಕ್ಕಳದಿಂದ ಹಿಸುಕುವುದೂ ಬೇಡ, ಈ ಚಳಿಯಲ್ಲಿ ರಬ್ಬರ್ ಸೀಳುತ್ತದೆ. ಥ್ರಾಟಲ್ ಬಾಡಿ ಕಡೆ ಹೋಸ್ ಕಳಚಿ, ಆ ನಳಿಗೆಗೆ ರಬ್ಬರ್ ಕ್ಯಾಪ್ ಹಾಕಿದರೆ ಸಾಕು. ಮರುದಿನ ಬೆಳಗ್ಗೆ ಕ್ಯಾಪ್ ಹಾಕಿದ ಸ್ಥಿತಿಯಲ್ಲಿ ಸ್ಟಾರ್ಟ್ ಮಾಡಿದಾಗ ಒತ್ತಡ 44ಕ್ಕೆ ಇಳಿದು, ಆರ್‌ಪಿಎಂ 1850ರಲ್ಲಿ ಅಲುಗಾಡದೆ ನಿಂತಿತು. ಇದು ಪರೀಕ್ಷೆಗಷ್ಟೇ, ಕ್ಯಾಪ್ ಹಾಕಿಕೊಂಡು ಓಡಿಸಬಾರದು.

ವಾಲ್ವನ್ನು ಬಿಚ್ಚಿ ಶೆಡ್ಡಿನೊಳಗೆ ಹ್ಯಾಂಡ್ ಪಂಪಿನಿಂದ 50 ಕಿಲೋ ಪ್ಯಾಸ್ಕಲ್ ವ್ಯಾಕ್ಯೂಮ್ ಕೊಟ್ಟರೆ ಪಂಪಿನ ಗೇಜಿನ ಮುಳ್ಳು ಕದಲಲೇ ಇಲ್ಲ, ಅಂದರೆ ಸೋರಿಕೆಯಿಲ್ಲ. ಬೆಚ್ಚಗೆ ಪರೀಕ್ಷಿಸಿ ‘ವಾಲ್ವ್ ಓಕೆ’ ಎಂದು ಬರೆಯುವುದು ಇಂಥ ಕಡೆಯೇ. ರಾತ್ರಿ ಹೊರಗಿಟ್ಟು ಬೆಳಗ್ಗೆ ಅಲ್ಲೇ ಪಂಪ್ ಮಾಡಿದರೆ ಮೂರೇ ಸೆಕೆಂಡಿನಲ್ಲಿ ಮುಳ್ಳು ಸೊನ್ನೆಗೆ ಬಂತು. ಹಿಂದಿನಿಂದ ಟಾರ್ಚ್ ಹಿಡಿದು ನೋಡಿದಾಗ ಡಯಾಫ್ರಾಮಿನ ಮಡಿಕೆಯಲ್ಲಿ ಕೂದಲೆಳೆಯ ಬಿರುಕು. ಬೆಚ್ಚಗಿದ್ದಾಗ ಮೆತ್ತಗಾಗಿ ಮುಚ್ಚಿಕೊಳ್ಳುತ್ತದೆ, ಚಳಿಗೆ ಸೆಟೆದಾಗ ಬಾಯಿ ಬಿಡುತ್ತದೆ.

ಹೊಸ ವಾಲ್ವ್ ಹಾಕಿ ಕೈತೊಳೆದುಕೊಂಡರೆ ಅರ್ಧ ಕೆಲಸ ಅಷ್ಟೆ. ವಾಲ್ವಿನೊಳಗೆಲ್ಲ ಎಣ್ಣೆ ಜಿಡ್ಡು ಕಟ್ಟಿತ್ತು. ಎಲ್ಲಿಂದ ಬಂತು? ಕ್ರ್ಯಾಂಕ್‌ಕೇಸ್ ಬ್ರೀದರ್ ಹೋಸ್ (ಎಂಜಿನ್ ತಳಭಾಗದ ಆವಿಯನ್ನು ಹೊರಬಿಡುವ ಕೊಳವೆ) ತೆಗೆದು ನೋಡಿದರೆ, ಅದು ತಗ್ಗಿದ ಕಡೆ ಹಳದಿ ಬೆರೆತ ಬಿಳಿ ಲೋಳೆ ಅರ್ಧ ಹೆಪ್ಪುಗಟ್ಟಿತ್ತು. ಟ್ರೇಲರ್ ಹತ್ತಿಸಲು, ಜಾಗ ಬದಲಿಸಲು ಎಂದು ಒಂದೆರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವ ಗಾಡಿಗಳಲ್ಲಿ ಇದು ಹೆಚ್ಚಾಗಿ ಸಿಗುತ್ತದೆ. ಉರಿದಾಗ ಹುಟ್ಟಿದ ನೀರಾವಿ ಎಣ್ಣೆಯೊಳಗೇ ಉಳಿದು, ಆಮೇಲೆ ಬ್ರೀದರಿನಲ್ಲಿ ತಣಿದು ಗಟ್ಟಿಯಾಗುತ್ತದೆ. ದಾರಿ ಪೂರ್ತಿ ಮುಚ್ಚಿದರೆ ಕ್ರ್ಯಾಂಕ್‌ಕೇಸಿನ ಒತ್ತಡ ಏರಿ ಟರ್ಬೊ ಸೀಲ್ ದಾಟಿ ಎಣ್ಣೆ ನುಗ್ಗುತ್ತದೆ, ನೀಲಿ ಹೊಗೆ ಬರುತ್ತದೆ. ಟರ್ಬೊ ಹೋಯಿತೆಂದು ಬದಲಿಸುವ ಮುನ್ನ ಈ ಹೋಸ್ ನೋಡಲೇಬೇಕು.

ಹೋಸ್ ತೊಳೆದು ಒಣಗಿಸಿ, ತಗ್ಗು ಬಾರದಂತೆ ದಾರಿ ಬದಲಿಸಿ, ಮೇಲೆ ಫೋಮ್ ತೋಳು ಹಾಕಿದೆವು. ಎಣ್ಣೆಯಲ್ಲಿ ಪೆಟ್ರೋಲ್ ವಾಸನೆ ಇದ್ದುದರಿಂದ ಎಣ್ಣೆ, ಫಿಲ್ಟರ್ ಎರಡೂ ಹೊಸದು, ಮ್ಯಾನ್ಯುಯಲ್ ಹೇಳುವ 0ಡಬ್ಲ್ಯೂ-40 ಸಿಂಥೆಟಿಕ್. ಪ್ಲಗ್ ಮೂರೂ ಬದಲು. ಟರ್ಬೊ ಎಂಜಿನ್ನಿಗೆ ಪ್ಲಗ್ಗಿನ ಗ್ಯಾಪ್ (ಕಿಡಿ ಹಾರುವ ಸಂದು) ಕಡಿಮೆ ಇರುವುದರಿಂದ ಸಂದು ಅಳೆಯುವ ಫೀಲರ್ ಗೇಜಿನಿಂದ ನೋಡದೆ ಹಾಕಬಾರದು. ಥ್ರಾಟಲ್ ಬಾಡಿಗಳನ್ನು ಒರೆಸಿ ವ್ಯಾಕ್ಯೂಮ್ ಸಮ ಮಾಡಿದ್ದಾಯಿತು.

ಒಂದು ಕೆಲಸ ಮಾತ್ರ ಯಾರೂ ಮಾಡಬೇಡಿ: ಥ್ರಾಟಲ್ ಸ್ಟಾಪ್ ಸ್ಕ್ರೂ ತಿರುಗಿಸಿ ಐಡ್ಲಿಂಗ್ ಏರಿಸುವುದು. ಥ್ರಾಟಲ್ ಮುಚ್ಚಿದೆ ಎಂದು ಗುರುತಿಸುವ ವೋಲ್ಟೇಜ್ ತಪ್ಪಿದರೆ ಇಸಿಯು ಐಡ್ಲಿಂಗ್ ನಿಯಂತ್ರಣವನ್ನೇ ಕೈಬಿಡಬಹುದು. ಎಂಜಿನ್ ಕಾದ ಮೇಲೆ ಆರ್‌ಪಿಎಂ ಇನ್ನೂ ಏರಿ ಕ್ಲಚ್ ಹಿಡಿಯಲು ಶುರುವಾದರೆ ಗಾಡಿ ತಾನಾಗಿ ಮುಂದೆ ಸರಿಯುತ್ತದೆ. ಈಥರ್ ಸ್ಪ್ರೇ ಸಹ ಬೇಡ, ಸಿಲಿಂಡರ್ ಗೋಡೆಯ ಎಣ್ಣೆ ಪದರವನ್ನು ತೊಳೆದುಬಿಡುತ್ತದೆ.

ಮುಂದೆ ಸ್ಟಾರ್ಟ್ ಮಾಡಿದ ಮೇಲೆ ಕೂಲಂಟ್ 50 ಡಿಗ್ರಿಯಾದರೂ ಮುಟ್ಟದೆ ಆಫ್ ಮಾಡದಿರುವುದು, ಪ್ರತಿ ಎಣ್ಣೆ ಬದಲಿಗೆ ಬ್ರೀದರ್ ಹೋಸ್ ಕಳಚಿ ಒಳಗೆ ಟಾರ್ಚ್ ಬಿಡುವುದು. ಲೋಳೆ ಕಂಡರೆ ವಾಲ್ವಿನ ಡಯಾಫ್ರಾಮನ್ನೂ ಹೊರಗಿನ ಚಳಿಯಲ್ಲೇ ಪಂಪ್ ಹಾಕಿ ನೋಡಿ.