ಫ್ಲಾಶ್ ಮೇಲಕ್ಕೆ ತಿರುಗಿಸೋಕ್ ಮುಂಚೆ ಸೂರು ನೋಡ್ಕೊಳ್ಳಿ

ತೀರ್ಥಹಳ್ಳಿ ಹತ್ರ ಅಜ್ಜನ ಮನೇಲಿ ಅಕ್ಕನ ಸೀಮಂತ ಇತ್ತು, ನಾನು ಪೆಂಟಾಕ್ಸ್ ಕೆ1000 ಫಿಲ್ಮ್ ಕ್ಯಾಮೆರಾ ಮೇಲೆ ಹಳೇ ವಿವಿಟಾರ್ 283 ಫ್ಲಾಶ್ ಸಿಕ್ಕಿಸ್ಕೊಂಡು ಭಾರಿ ಫೋಟೋಗ್ರಾಫರ್ ಥರ ಹೋದೆ. ಒಂದೇ ರೋಲ್ ಕೊಡಾಕ್ ಗೋಲ್ಡ್ 200 ಕಲರ್ ಫಿಲ್ಮು, ಅಂದ್ರೆ 36 ಫ್ರೇಮು, ಅಷ್ಟೇ.

ಫ್ಲಾಶ್‌ನ ನೇರ ಮುಖಕ್ಕೆ ಹೊಡೆದ್ರೆ ಏನಾಗುತ್ತೆ ಗೊತ್ತಲ್ಲ, ಮುಖ ಸುಣ್ಣ ಬಳಿದಂಗೆ, ಹಿಂದಿನ ಗೋಡೆ ಮೇಲೆ ಕರೀ ನೆರಳು, ರೇಷ್ಮೆ ಸೀರೆ ಪಳಪಳ. ಅದಕ್ಕೇ ನಾನು ಯಾವಾಗ್ಲೂ ಫ್ಲಾಶಿನ ಹೆಡ್ ಮೇಲಕ್ಕೆ ತಿರುಗಿಸಿ ಸೀಲಿಂಗಿಗೇ ಹೊಡೆಯೋದು, ಅಲ್ಲಿಂದ ಬೆಳಕು ಚೆದುರಿ ಮೆತ್ತಗೆ ಕೆಳಗೆ ಬೀಳುತ್ತೆ. ಬೆಂಗಳೂರಿನ ಮನೇಲಿ 10 ಅಡಿ ಎತ್ತರದ ಬಿಳೀ ಸೀಲಿಂಗು, ಲೆಕ್ಕಾನೂ ಬಾಯಿಪಾಠ: 283ರ ಗೈಡ್ ನಂಬರ್ (ಫ್ಲಾಶಿನ ಶಕ್ತಿ, ಇದನ್ನ ದೂರದಿಂದ ಭಾಗಿಸಿದ್ರೆ ಲೆನ್ಸ್ ಎಷ್ಟು ತೆರೀಬೇಕು ಅನ್ನೋ ಎಫ್ ನಂಬರ್ ಸಿಗುತ್ತೆ, ಅದು ಚಿಕ್ಕದಾದಷ್ಟೂ ಲೆನ್ಸ್ ಜಾಸ್ತಿ ತೆರೆದಂಗೆ) ಐಎಸ್ಒ, ಅಂದ್ರೆ ಫಿಲ್ಮಿನ ಸೂಕ್ಷ್ಮತೆ, 100ಕ್ಕೆ ಅಡಿ ಲೆಕ್ಕದಲ್ಲಿ 120, 200ರ ಫಿಲ್ಮಿಗೆ ಹತ್ತಿರತ್ರ 170, ಬೆಳಕು ಮೇಲೆ ಹೋಗಿ ಕೆಳಗೆ ಬರೋ ದಾರಿ ಸುಮಾರು 13 ಅಡಿ, ಭಾಗಿಸಿದ್ರೆ ಎಫ್/13, ಸೀಲಿಂಗ್ ಕುಡಿದುಬಿಡೋದಕ್ಕೆ ಎರಡು ಸ್ಟಾಪಿಗಿಂತ ಸ್ವಲ್ಪ ಜಾಸ್ತಿ (ಒಂದು ಸ್ಟಾಪ್ ತೆರೆದ್ರೆ ಬೆಳಕು ಎರಡು ಪಟ್ಟು) ಬಿಟ್ರೆ ಎಫ್/5.6 ಗೆ ಬಂದು ನಿಲ್ಲುತ್ತೆ. ಶಟರ್ ವೇಗ ಮಾತ್ರ ಸೆಕೆಂಡಿನ 1/60 ದಾಟಬಾರ್ದು, ದಾಟಿದ್ರೆ ಅರ್ಧ ಫ್ರೇಮ್ ಕಪ್ಪು (ಒಂದು ಮದುವೇಲಿ ಈ ಪಾಠಾನ ದುಬಾರಿಯಾಗೇ ಕಲ್ತಿದೀನಿ).

ಆದ್ರೆ ಅಜ್ಜನ ಮನೇಲಿ ಸೀಲಿಂಗೇ ಇಲ್ವಲ್ಲ! ಮೇಲೆ ನೋಡಿದ್ರೆ ಮಂಗಳೂರು ಹೆಂಚು, ಹೊಗೆ ಹಿಡಿದು ಕರ್ರಗಾದ ತೊಲೆ ಜಂತೆ. ಫ್ಲಾಶ್ ಆಟೋಲಿಟ್ಟು (ಬೆಳಕು ತಾನೇ ಅಳೆಯೋ ಹಾಗೆ) ಟೆಸ್ಟ್ ಬಟನ್ ಒತ್ತಿದೆ, ಬೆಳಕು ಸಾಕಾದ್ರೆ ಹತ್ಬೇಕಾದ ಪುಟ್ಟ ಲೈಟು ಹತ್ತಲೇ ಇಲ್ಲ. ಪುಣ್ಯಕ್ಕೆ ಟೆಸ್ಟಿಗೆ ಫಿಲ್ಮ್ ಖರ್ಚಾಗಲ್ಲ. ಪಕ್ಕದ ಗೋಡೆಗೆ ಹೊಡೆಯೋಣ ಅಂದ್ರೆ ಅದು ಗಿಳಿಹಸಿರು. ಬ್ಲ್ಯಾಕ್ ಅಂಡ್ ವೈಟ್ ಆಗಿದ್ರೆ ತಲೆಕೆಡಿಸ್ಕೊಳ್ತಿರ್ಲಿಲ್ಲ, ಕಲರ್ ಫಿಲ್ಮಲ್ಲಿ ಬಸುರಿ ಹೆಂಗಸಿನ ಮುಖ ಹಸಿರಾಗಿ ಬಂದ್ರೆ ಅಮ್ಮ ನನ್ನ ಸುಮ್ನೆ ಬಿಡ್ತಾರಾ?

ಕೊನೆಗೆ ಮಾವನ ಬಿಳೀ ಪಂಚೆ ಇಸ್ಕೊಂಡು ಎರಡು ಮಡಿಕೆ ಮಾಡಿ ತೊಲೆಯಿಂದ ತೊಲೆಗೆ ಕಟ್ಟಿದ್ವಿ. ಬಟ್ಟೆ ತೂರ್ಕೊಂಡು ಸ್ವಲ್ಪ ಬೆಳಕು ಮೇಲಕ್ಕೆ ಹೋಗೇ ಹೋಗುತ್ತಲ್ಲ ಅಂತ ಫ್ಲಾಶ್ ಮ್ಯಾನ್ಯುಅಲ್‌ಗೆ ಹಾಕಿ ಲೆನ್ಸ್ ಇನ್ನೊಂದು ಸ್ಟಾಪ್ ತೆರೆದು ಎಫ್/4 ಇಟ್ಟೆ, ನೆಗೆಟಿವ್ ಫಿಲ್ಮು ಬೆಳಕು ಓವರ್ ಆದ್ರೆ ತಡ್ಕೊಳುತ್ತೆ, ಅಂಡರ್ ಆದ್ರೆ ಮಣ್ಣುಮಣ್ಣು. ಮೇಲಿಂದಾನೇ ಬೆಳಕು ಬಿದ್ರೆ ಕಣ್ಣಿನ ಗುಳಿ ಕಪ್ಪಾಗುತ್ತೆ ಅಂತ ಫ್ಲಾಶ್ ಹಿಂದೆ ಒಂದು ಲಗ್ನಪತ್ರಿಕೆ ರಬ್ಬರ್ ಬ್ಯಾಂಡ್ ಹಾಕಿ ಸಿಕ್ಕಿಸ್ದೆ, ಖಾಲಿ ಬಿಳೀ ಕಡೆ ಮುಂದಕ್ಕೆ. ಒಂದೊಂದು ಕ್ಲಿಕ್ಕಿಗೂ ಕುಂಯ್ ಅಂತ ಚಾರ್ಜ್ ಆಗೋವರೆಗೂ ಎಲ್ರೂ ಆರತಿ ಹಿಡ್ಕೊಂಡು ಕಾಯ್ತಾ ನಿಂತಿದ್ರು ಪಾಪ.

ಮೊನ್ನೆ ಸ್ಕ್ಯಾನ್ ಬಂತು. ಮುಖ ಎಲ್ಲಾ ಮೆತ್ತಗೆ, ಹಸಿರು ಬಳೆ ಹಸಿರಾಗೇ ಇದೆ, ಮುಖ ಮುಖದ ಬಣ್ಣದಲ್ಲೇ ಇದೆ. ಒಂದು ಫ್ರೇಮಲ್ಲಿ ಮಾತ್ರ ಮೇಲ್ಗಡೆ ಪಂಚೆ ಅಂಚು ಇಣುಕಿದೆ, ಮಾವ ಅದನ್ನೇ ದೊಡ್ಡದಾಗಿ ಪ್ರಿಂಟ್ ಹಾಕ್ಸು ಅಂತ ಹಟ ಹಿಡಿದಿದಾರೆ.