ಕೋರ್ಟ್ ರದ್ದು ಮಾಡಿದ ಕಾನೂನನ್ನು ಸರ್ಕಾರ ಮತ್ತೆ ತರಬಹುದಾ?

ಕಾನೂನು ಓದಿದವನು ಅಂತ ಗೊತ್ತಾದ ಕೂಡಲೇ ಜನ ನನ್ನನ್ನು ಕೇಳುವ ಪ್ರಶ್ನೆ ಇದು. ಅದರ ಹಿಂದೆಯೇ "ಹಾಗಾದ್ರೆ ದೊಡ್ಡವರು ಯಾರು, ಕೋರ್ಟಾ ವಿಧಾನಸಭೆಯಾ?" ಅಂತ ಇನ್ನೊಂದು. ಎರಡನೆಯದು ಟೀ ಅಂಗಡಿಗೆ ಸರಿ. ಮೊದಲನೆಯದಕ್ಕೆ ಉತ್ತರ ಇದೆ: ಕೋರ್ಟ್ ತೋರಿಸಿದ ತಪ್ಪನ್ನು ತಿದ್ದಿ ತಂದರೆ ನಿಲ್ಲಬಹುದು, ಸುಮ್ನೆ ತೀರ್ಪನ್ನು ಅಳಿಸಿ ಹಾಕಲು ಹೊರಟರೆ ನಿಲ್ಲಲ್ಲ.

ಬಡ್ತಿ ಮೀಸಲಾತಿಯ ಕಥೆ ನೋಡಿ. ಒಂದು ಕಚೇರಿಯಲ್ಲಿ ಇಬ್ಬರು ಗುಮಾಸ್ತರು. ಕಿರಿಯರು ಮೀಸಲಾತಿಯಲ್ಲಿ ಮೊದಲು ಬಡ್ತಿ ಪಡೆದರು. ಎರಡು ವರ್ಷದ ಮೇಲೆ ಹಿರಿಯರಿಗೂ ಅದೇ ಹುದ್ದೆ ಸಿಕ್ಕಿತು. ಈಗ ಸೀನಿಯಾರಿಟಿ ಪಟ್ಟಿಯಲ್ಲಿ ಮೇಲೆ ಯಾರ ಹೆಸರು? ಮೊದಲು ಬಂದವರದ್ದೇ ಅಂತ 2002ರಲ್ಲಿ ಕರ್ನಾಟಕ ಕಾನೂನು ಮಾಡಿತು. ಮುಂದಿನ ಬಡ್ತಿ ನಿಂತಿರುವುದೇ ಆ ಪಟ್ಟಿಯ ಮೇಲೆ, ಹಾಗಾಗಿ ಜಗಳ ಸಣ್ಣದಲ್ಲ.

2006ರಲ್ಲಿ ನಾಗರಾಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಷರತ್ತು ಹಾಕಿತು. ಬಡ್ತಿಯಲ್ಲಿ ಮೀಸಲಾತಿ ಕೊಡಬೇಕಾದರೆ ಆ ವರ್ಗದವರ ಪ್ರಾತಿನಿಧ್ಯ ಸರ್ಕಾರಿ ಹುದ್ದೆಗಳಲ್ಲಿ ನಿಜವಾಗಿ ಕಡಿಮೆ ಇದೆಯಾ, ಆಡಳಿತಕ್ಕೆ ತೊಂದರೆ ಆಗುತ್ತಾ ಅಂತ ಲೆಕ್ಕ ಕೊಡಿ ಎಂದಿತು. ನಮ್ಮವರು ಲೆಕ್ಕ ಹಾಕಲಿಲ್ಲ. 2017ರ ಫೆಬ್ರವರಿಯಲ್ಲಿ, ಪವಿತ್ರ ಪ್ರಕರಣದಲ್ಲಿ, ಆ ಕಾರಣಕ್ಕೇ ಕಾನೂನು ಬಿತ್ತು. ಪಟ್ಟಿಗಳನ್ನು ಮೂರು ತಿಂಗಳಲ್ಲಿ ತಿದ್ದಿ ಅಂತ ಆದೇಶವೂ ಬಂತು.

ಆಮೇಲೆ ನೋಡಿ ಓಟ! ಆ ಲೆಕ್ಕ ಹಾಕಲು ಸರ್ಕಾರ ನೇಮಿಸಿದ ರತ್ನಪ್ರಭಾ ಸಮಿತಿ ಮೇ ತಿಂಗಳಲ್ಲೇ ವರದಿ ಕೊಟ್ಟಿತು. ಹನ್ನೊಂದು ವರ್ಷ ಆಗದ ಕೆಲಸ ಕೆಲವೇ ವಾರಗಳಲ್ಲಿ ಆಯ್ತು. ಶಾಸಕರು ಕೋರ್ಟಿನ ಮೇಲೆ ಹರಿಹಾಯುವಾಗ ನನಗೆ ಇದೇ ನೆನಪಾಗುತ್ತೆ. ನವೆಂಬರ್‌ನಲ್ಲಿ ಹೊಸ ಮಸೂದೆ ಪಾಸಾಯಿತು. ರಾಜ್ಯಪಾಲರು ಅದನ್ನು ರಾಷ್ಟ್ರಪತಿಗೆ ಕಳಿಸಿದರು, 2018ರ ಜೂನ್‌ನಲ್ಲಿ ಅಂಕಿತ ಬಿತ್ತು. ತೀರ್ಪನ್ನೇ ಹಿಂಬಾಗಿಲಿಂದ ಉಲ್ಟಾ ಮಾಡಿದ್ದಾರೆ ಅಂತ ಎದುರಾಳಿಗಳು ಮತ್ತೆ ಕೋರ್ಟಿಗೆ ಹೋದರು. 2019ರ ಮೇ 10ರಂದು ಕೋರ್ಟ್ ಕಾನೂನನ್ನು ಎತ್ತಿಹಿಡಿಯಿತು. ಹಿಂದೆ ಇಲ್ಲದಿದ್ದ ಲೆಕ್ಕ ಈಗ ಇದೆ, ಹಾಗಾಗಿ ಹಳೇ ತಪ್ಪು ಉಳಿದಿಲ್ಲ ಎಂದಿತು.

"ಹಾಗಾದ್ರೆ ಕಾವೇರಿಯಲ್ಲೂ ಹೀಗೇ ಮಾಡಬಹುದಿತ್ತಲ್ವಾ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. 1991ರಲ್ಲಿ ತಮಿಳುನಾಡಿಗೆ 205 ಟಿಎಂಸಿ ನೀರು ಬಿಡಿ ಅಂತ ನ್ಯಾಯಮಂಡಳಿ ಮಧ್ಯಂತರ ಆದೇಶ ಕೊಟ್ಟಾಗ, ಬಂಗಾರಪ್ಪನವರ ಸರ್ಕಾರ ಸುಗ್ರೀವಾಜ್ಞೆ ತಂದು ಅದನ್ನು ತಡೆಯಲು ಹೊರಟಿತು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದು ಸಿಂಧುವಲ್ಲ ಎಂದಿತು. ಅಲ್ಲಿ ಲೆಕ್ಕದ ಕೊರತೆ ಇರಲಿಲ್ಲ. ಎರಡು ರಾಜ್ಯಗಳ ಜಗಳದಲ್ಲಿ ಒಂದು ರಾಜ್ಯ ತಾನೇ ಜಡ್ಜ್ ಆಗಿ ಕೂರುವ ಅಧಿಕಾರವೇ ಇರಲಿಲ್ಲ. ಅದನ್ನು ಯಾವ ಸಮಿತಿಯ ವರದಿ ತಾನೇ ತಂದುಕೊಡುತ್ತೆ?