ದುಬೈಯಲ್ಲಿ ಕುಯಾ, ಮಂಗಳೂರಿನಲ್ಲಿ ಮಾಮ

ಮೊಣಕಾಲು ಹೋದದ್ದು ಕಳೆದ ಮೇ ತಿಂಗಳಲ್ಲಿ, ದುಬೈಯ ಒಂದು ಬಾಡಿಗೆ ಬಾಸ್ಕೆಟ್‌ಬಾಲ್ ಕೋರ್ಟಿನಲ್ಲಿ. ರೀಬೌಂಡಿಗೆ, ಅಂದರೆ ಬುಟ್ಟಿಗೆ ಬೀಳದೆ ಪುಟಿದ ಚೆಂಡಿಗೆ ಹಾರಿದೆ, ಚೆಂಡೂ ಸಿಕ್ಕಿತು. ಇಳಿಯುವಾಗ ಪಾದ ನೆಲಕ್ಕೆ ಕಚ್ಚಿಕೊಂಡಿತು, ಮೈ ಮಾತ್ರ ತಿರುಗಿತು. ‘ಟಪ್’ ಅಂತ ಒಂದು ಸದ್ದು. ನೋವು ಬಂದದ್ದು ಆಮೇಲೆ. ನನಗೆ 38 ವರ್ಷ.

ಹತ್ತಿರದ ಕ್ಲಿನಿಕ್‌ನಲ್ಲಿ ಉಳುಕು ಅಂದರು. ಬ್ಯಾಂಡೇಜ್ ಸುತ್ತಿ ಕಳಿಸಿದರು. ಎರಡು ವಾರ ಕಳೆದರೂ ಮೆಟ್ಟಿಲು ಇಳಿಯುವಾಗ ಮೊಣಕಾಲು ಪಕ್ಕಕ್ಕೆ ಜಾರಿದ ಹಾಗೆ ಆಗುತ್ತಿತ್ತು. ಎಂಆರ್‌ಐ ಮಾಡಿಸಿದರೆ ಎಸಿಎಲ್, ಅಂದರೆ ಮೊಣಕಾಲಿನೊಳಗೆ ಎಲುಬುಗಳನ್ನು ಹಿಡಿದಿಡುವ ಲಿಗಮೆಂಟ್, ಪೂರ್ತಿ ಹರಿದಿದೆ.

ನಮ್ಮ ತಂಡದ ಬಗ್ಗೆ ಹೇಳಬೇಕು. ದುಬೈಯಲ್ಲಿ ಬಾಸ್ಕೆಟ್‌ಬಾಲ್ ಅಂದರೆ ಫಿಲಿಪೀನ್ಸ್‌ನವರು. ನಮಗೆ ಕ್ರಿಕೆಟ್ ಹೇಗೋ ಅವರಿಗೆ ಇದು ಹಾಗೆ. 1954ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅವರ ದೇಶಕ್ಕೆ ಮೂರನೇ ಸ್ಥಾನ. ಏಷ್ಯಾದ ಮೊದಲ ವೃತ್ತಿಪರ ಲೀಗ್ ಶುರು ಮಾಡಿದ್ದೂ ಅವರೇ, 1975ರಲ್ಲಿ. ಈ ಎರಡು ಇಸವಿಗಳನ್ನು ಅವರು ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕ ಇಲ್ಲ. ತಂಡದಲ್ಲಿ ನಾನೊಬ್ಬನೇ ಭಾರತದವನು, ವಯಸ್ಸಿನಲ್ಲೂ ಎಲ್ಲರಿಗಿಂತ ದೊಡ್ಡವನು. ಹಾಗಾಗಿ ನಾನು ಅವರ ‘ಕುಯಾ’. ಅಂದರೆ ಅಣ್ಣ. ಕರೆಯುವುದು ಅಣ್ಣ ಅಂತ, ಆದರೆ ಅಣ್ಣನ ಕೆಲಸ ನಾನು ಯಾವತ್ತೂ ಮಾಡಿರಲಿಲ್ಲ. ಚೆಂಡು ಕೈಗೆ ಬಂದರೆ ಬುಟ್ಟಿ ಬಿಟ್ಟರೆ ಬೇರೆ ಏನೂ ಕಾಣಿಸದ ಜಾತಿ ನನ್ನದು.

ಆಪರೇಷನ್ ಊರಲ್ಲೇ ಆಗಲಿ ಅಂತ ಜೂನ್‌ನಲ್ಲಿ ಮಂಗಳೂರಿಗೆ ಬಂದೆ. ಕಂಪ್ಯೂಟರ್ ಕೆಲಸ, ಮನೆಯಿಂದಲೇ ಮಾಡಲು ಆಫೀಸಿನಲ್ಲಿ ಒಪ್ಪಿದರು. ಮೂರೂವರೆ ಗಂಟೆ ಕಾಲು ಚಾಚಿಕೊಂಡು ಕೂತು ಬಂದವನನ್ನು ಬಜ್ಪೆಯಲ್ಲಿ ಮಳೆ ಎದುರುಗೊಂಡಿತು. ಅಮ್ಮನದು ಒಂದೇ ಮಾತು: “ಈ ಪ್ರಾಯದಲ್ಲಿ ಚೆಂಡಿಗೆ ಹಾರಲು ನಿನಗೆ ಹೇಳಿದ್ದು ಯಾರು ಮಾರಾಯ?” ತೊಡೆಯ ಹಿಂದಿನ ಸ್ನಾಯುವಿನ ತುದಿಯಿಂದ ಒಂದು ಎಳೆ ತೆಗೆದು ಮೊಣಕಾಲಿನೊಳಗೆ ಕೂರಿಸಿದರು. ಮೊದಲ ತಿಂಗಳ ದೊಡ್ಡ ಸಾಧನೆ ಕಾಲನ್ನು ಪೂರ್ತಿ ನೇರ ಮಾಡುವುದು. ನಗಬೇಡಿ. ಅದಕ್ಕೇ ಬೆವರು ಇಳಿಯುತ್ತದೆ. ಒಂಬತ್ತು ತಿಂಗಳು ಆಗದೆ ಕೋರ್ಟಿಗೆ ಇಳಿಯಬಾರದು ಅಂತ ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದರು.

ಜುಲೈ ಕೊನೆಗೆ ಊರುಗೋಲು ಬಿಟ್ಟೆ. ಅಕ್ಕನ ಮಗ ಕಾಲೇಜು ತಂಡದಲ್ಲಿ ಆಡುತ್ತಾನೆ. “ಮಾಮ, ಸುಮ್ನೆ ಮನೆಯಲ್ಲಿ ಕೂತು ಎಂತ ಮಾಡುವುದು, ಬನ್ನಿ” ಅಂತ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದ. ನಾನು ಆಡಿದ ಅದೇ ಸಿಮೆಂಟ್ ಕೋರ್ಟು. ಮಳೆಗಾಲ, ಅಂಚಿನಲ್ಲೆಲ್ಲ ಪಾಚಿ. ಹುಡುಗರು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜುತ್ತಿದ್ದರು. ನಾನು ಮೂರು ಪಾಯಿಂಟಿನ ಗೆರೆಯ ಹತ್ತಿರ ನಿಂತು ಸ್ವಲ್ಪ ಜಂಬ ಕೊಚ್ಚಿದೆ. “ಇಲ್ಲಿಂದ ನಾನು ಎಷ್ಟು ತ್ರೀ ಹಾಕಿದ್ದೇನೆ ಗೊತ್ತುಂಟಾ?” ಒಬ್ಬ ಸಣ್ಣ ಹುಡುಗ ಪಾಪ, ಬಹಳ ಮರ್ಯಾದೆಯಿಂದ ಹೇಳಿದ: “ಮಾಮ, ಅದು ಹಳೆ ಗೆರೆ ಅಲ್ವಾ? ಈಗ ಅಲ್ಲಿಂದ ಹಾಕಿದರೆ ಎರಡೇ ಪಾಯಿಂಟ್.” ಸರಿಯೇ. 2010ರಲ್ಲಿ ಗೆರೆ 6.25 ಮೀಟರಿನಿಂದ 6.75ಕ್ಕೆ ಹೋಯಿತು. ಮಾಸಿದ ಹಳೆ ಬಿಳಿ ಗೆರೆ ಅಲ್ಲಿ ಇನ್ನೂ ಉಂಟು, ನನ್ನ ಹಾಗೆ.

ಅಷ್ಟಾದರೂ ನಾನು ಬಾಯಿ ಮುಚ್ಚಲಿಲ್ಲ. ದಿನಾ ಸಂಜೆ ಹೋಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೂಗುವುದೇ ಕೂಗುವುದು. ಪಾಸ್ ಕೊಡು, ಹಿಂದೆ ಓಡು, ಕೈ ಮೇಲೆತ್ತು, ಅಲ್ಲಲ್ಲ ಈಚೆ! ಒಂದು ದಿನ ಅಪ್ಪ ಕೊಡೆ ಹಿಡಿದುಕೊಂಡು ನೋಡಲು ಬಂದರು. ಅವರಿಗೆ ಬಾಸ್ಕೆಟ್‌ಬಾಲ್ ಗೊತ್ತಿಲ್ಲ, ಯಕ್ಷಗಾನ ಗೊತ್ತು. ವಾಪಸು ಬರುವಾಗ ರಿಕ್ಷಾದಲ್ಲಿ ಹೇಳಿದರು: “ಪದ ಹೇಳುವುದು ಭಾಗವತರು, ಅರ್ಥ ಹೇಳುವುದು ವೇಷಧಾರಿ. ನೀನು ಎರಡನ್ನೂ ನೀನೇ ಹೇಳ್ತಾ ಇದ್ದಿ. ಆ ಮಕ್ಕಳು ಎಂತ ಮಾಡುವುದು?”

ಅವತ್ತು ನನಗೆ ಸಿಟ್ಟೇ ಬಂತು. ಮರುದಿನ ಕುರ್ಚಿಯಲ್ಲಿ ಕೂತು ಅರ್ಧ ಗಂಟೆ ಮಾತಾಡದೆ ನೋಡಿದೆ. ನಾನು ಸುಮ್ಮನಾದ ಮೇಲೆ ಗೊತ್ತಾಯಿತು, ಕೋರ್ಟಿನಲ್ಲಿ ಯಾರೂ ಮಾತಾಡುತ್ತಿಲ್ಲ. ಎದುರಾಳಿ ಬಂದು ನಮ್ಮ ಹುಡುಗನ ಬೆನ್ನ ಹಿಂದೆ ಸ್ಕ್ರೀನ್ ಹಾಕಿ, ಅಂದರೆ ದಾರಿಗೆ ಅಡ್ಡವಾಗಿ ಅಲ್ಲಾಡದೆ ನಿಲ್ಲುತ್ತಾನೆ, ಇವನು ತಿರುಗಿ ಓಡಿ ಡಿಕ್ಕಿ ಹೊಡೆಯುತ್ತಾನೆ. ನೋಡಿದ ಇನ್ನೊಬ್ಬ ಬಾಯಿ ಬಿಡುವುದಿಲ್ಲ. ದುಬೈಯಲ್ಲಿ ನಮ್ಮವರು ಎರಡೂ ಕಡೆ ಒಂದೇ ಸಮನೆ ಕಿರುಚುತ್ತಾರೆ. ನನಗೆ ಅದು ಗಲಾಟೆ ಅಂತಲೇ ಇತ್ತು. ಅದೇ ಡಿಫೆನ್ಸ್ ಅಂತ ಮಂಗಳೂರಿನಲ್ಲಿ ಕುರ್ಚಿ ಮೇಲೆ ಕೂತಾಗ ಅರ್ಥವಾಯಿತು.

ಇವರಿಗೆ ಕೂಗಲು ನಾಚಿಕೆ. ಇಂಗ್ಲಿಷ್‌ನಲ್ಲಿ ಕೂಗಬೇಕು ಅಂದರೆ ಇನ್ನೂ ನಾಚಿಕೆ. “ನಿಮಗೆ ಬಾಯಿಗೆ ಬರುವುದನ್ನು ಕೂಗಿ” ಅಂದೆ. ಹುಡುಗರೇ ಕೂತು ತೀರ್ಮಾನ ಮಾಡಿದರು: ಸ್ಕ್ರೀನ್ ಬಂದರೆ “ಕಂಬ!”. ಹಿಂದೆ ಯಾರಾದರೂ ನುಗ್ಗಿದರೆ ತುಳುವಿನಲ್ಲಿ “ಪಿರ ತೂಲ!”, ಹಿಂದೆ ನೋಡು ಅಂತ. ಬೆಂಗಳೂರಿನ ತಂಡ ಬಂದಾಗ ಇದರ ಲಾಭ ಚೆನ್ನಾಗಿ ಸಿಕ್ಕಿತು. ಅವರಿಗೆ ಕಂಬ ಗೊತ್ತು, ತುಳು ಎಲ್ಲಿ ಗೊತ್ತು? ಆದರೂ ನಾವು ಆರು ಪಾಯಿಂಟಿನಲ್ಲಿ ಸೋತೆವು, ಅದು ಬೇರೆ ವಿಷಯ. ಟೈಮ್‌ಔಟ್ ಅಂದರೆ ಒಂದು ನಿಮಿಷ, ನೀರು ಕುಡಿಯುವುದರಲ್ಲೇ ಅರ್ಧ ಹೋಗುತ್ತದೆ. ಅದರಲ್ಲಿ ಒಂದೇ ಮಾತು ಹೇಳುವುದು ಕಲಿತೆ.

ಇನ್ನೊಂದು ಕಲಿಸಿದ್ದು ಹಾರಿ ಇಳಿಯುವುದನ್ನು. ನನ್ನ ಫಿಸಿಯೊ ನನಗೆ ಮಾಡಿಸುತ್ತಿದ್ದುದೇ ಅದು: ಎರಡು ಕಾಲಿನಲ್ಲಿ, ಮೊಣಕಾಲು ಮಡಚಿ, ಮೊಣಕಾಲು ಒಳಗೆ ವಾಲದ ಹಾಗೆ, ಸದ್ದಾಗದ ಹಾಗೆ ಇಳಿಯಬೇಕು. ಹುಡುಗರಿಗೆ ಬೋರು. ಚಡ್ಡಿ ಸರಿಸಿ ಹೊಲಿಗೆಯ ಗುರುತು ತೋರಿಸಿದೆ. ಆಮೇಲೆ ಯಾರೂ ತಕರಾರು ಮಾಡಲಿಲ್ಲ.

ಈ ನಡುವೆ ದುಬೈಯಿಂದ ನಮ್ಮ ತಂಡದವನೊಬ್ಬ ದಿನಾ ಯುಡೋನಿಸ್ ಹ್ಯಾಸ್ಲೆಮ್‌ನ ವಿಡಿಯೋ ಕಳಿಸುತ್ತಿದ್ದ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಮಯಾಮಿ ಹೀಟ್ ತಂಡ ಒಂದರಲ್ಲೇ 20 ಸೀಸನ್ ಇದ್ದವನು. 2010ರಲ್ಲಿ ಪಾದದ ಲಿಗಮೆಂಟ್ ಹರಿದುಕೊಂಡು ತಿಂಗಳುಗಟ್ಟಲೆ ಹೊರಗಿದ್ದ. ಕೊನೆಯ ವರ್ಷಗಳಲ್ಲಿ ಆಡಿದ್ದಕ್ಕಿಂತ ಬೆಂಚಿನಲ್ಲಿ ಕೂತದ್ದೇ ಜಾಸ್ತಿ. 2020-21ರಲ್ಲಂತೂ ಇಡೀ ಸೀಸನ್‌ಗೆ ಒಂದೇ ಪಂದ್ಯ, ಅದರಲ್ಲೂ ಮೂರು ನಿಮಿಷದೊಳಗೆ ಜಗಳವಾಡಿ ಹೊರಗೆ ಹಾಕಿಸಿಕೊಂಡ! ಆದರೂ ತಂಡ ಅವನನ್ನು ಬಿಡಲಿಲ್ಲ. ಎಳೆಯರನ್ನು ತಿದ್ದಲು ಅವನು ಬೇಕಿತ್ತು. 2023ರ ಫೈನಲ್ಸ್‌ನಲ್ಲಿ, 43 ತುಂಬಲು ಎರಡು ದಿನ ಇರುವಾಗ, ಕೆಲವು ಸೆಕೆಂಡು ಇಳಿಸಿದರು. ಎನ್‌ಬಿಎ ಫೈನಲ್ಸ್‌ನಲ್ಲಿ ಆಡಿದ ಅತಿ ಹಿರಿಯ ಆಟಗಾರ ಅವನೇ.

ಗೆಳೆಯ ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ್ದು. ಆದರೆ ಒಂದು ಸತ್ಯ ಹೇಳಲೇಬೇಕು. ಅಕ್ಕನ ಮಗ ನಾನು ಹೇಳಿಕೊಟ್ಟ ಹಾಗೆ ಪಾಸ್ ಕೊಟ್ಟು ಬುಟ್ಟಿ ಬಿದ್ದಾಗ ಖುಷಿಯಾಗುತ್ತದೆ, ಅದರ ಜೊತೆಗೇ ಹೊಟ್ಟೆಯಲ್ಲಿ ಒಂದು ಸಣ್ಣ ಉರಿ. ಅದು ನಾನಾಗಬೇಕಿತ್ತು ಅಂತ. ಹ್ಯಾಸ್ಲೆಮ್‌ಗೂ ಹೀಗೆ ಆಗಿರಬಹುದಾ? ವಿಡಿಯೋದಲ್ಲಿ ಅದು ಕಾಣುವುದಿಲ್ಲ.

ಸೆಪ್ಟೆಂಬರ್ ಕೊನೆಗೆ ದುಬೈಗೆ ವಾಪಸು ಬಂದೆ. ಆಪರೇಷನ್ ಆಗಿ ಈಗ ಏಳು ತಿಂಗಳು. ಶನಿವಾರ ಸಂಜೆ ಬೂಟು ಹಾಕಿಕೊಂಡೇ ಬೆಂಚಿನಲ್ಲಿ ಕೂರುತ್ತೇನೆ, ಸುಮ್ನೆ, ಅಭ್ಯಾಸ ಬಲ. ಕಳೆದ ವಾರ ಹೊಸ ಹುಡುಗನೊಬ್ಬ ಸ್ಕ್ರೀನಿಗೆ ಬೆನ್ನು ಕೊಟ್ಟು ನಿಂತಿದ್ದ. ನನ್ನ ಬಾಯಿಂದ ತಾನಾಗಿ “ಕಂಬ!” ಅಂತ ಬಂತು. ಎಲ್ಲರೂ ನಿಂತು ನೋಡಿದರು. ಅರ್ಥ ಹೇಳಿದೆ. ಈಗ ಮನಿಲಾದವನೂ ಸೆಬುವಿನವನೂ ಕೋರ್ಟಿನ ಆ ತುದಿಯಿಂದ “ಕಂಬಾ, ಕಂಬಾ” ಅಂತ ಕಿರುಚುತ್ತಾರೆ. ಉಚ್ಚಾರ ಸ್ವಲ್ಪ ಎಳೆಯುತ್ತಾರೆ. ರೆಕಾರ್ಡ್ ಮಾಡಿ ಅಕ್ಕನ ಮಗನಿಗೆ ಕಳಿಸಿದ್ದೇನೆ.